ಮನೆಯ ಗಣಕಯಂತ್ರದ ಯು.ಎಸ್.ಬಿ. ತೊಂದರೆಗಳು: ಪತ್ತೆ ಮತ್ತು ಪರಿಹಾರ



ಅಡಿಕೆಯ ಗರಿ ಹಳದಿಯಾದ ಕೂಡಲೇ ಬುಡಕ್ಕೆ ಗೊಬ್ಬರ ಸುರಿಯುವವರನ್ನು ನಾವೆಲ್ಲರೂ ಕಂಡಿದ್ದೇವೆ. ಬಸಿಗಾಲುವೆ ಕಟ್ಟಿಕೊಂಡು ಬೇರಿನಲ್ಲಿ ನೀರು ನಿಂತಿದ್ದರೆ ಆ ಗೊಬ್ಬರ ದಂಡ. ಕಾರಣ ತಿಳಿಯುವ ಮೊದಲೇ ಔಷಧಿಗೆ ಕೈಹಾಕುವ ಈ ಅಭ್ಯಾಸ ಮನೆಯ ಕಂಪ್ಯೂಟರಿನ ವಿಷಯದಲ್ಲಿ ಇನ್ನೂ ಹೆಚ್ಚಿನ ನಷ್ಟ ತರುತ್ತದೆ. ಇದನ್ನು ನಾವು ಕಣ್ಣಾರೆ ಕಂಡದ್ದು ನಮ್ಮ ಘಟ್ಟದಲ್ಲಲ್ಲ, ದೂರದ ಬೀದರ್ ಜಿಲ್ಲೆಯಲ್ಲಿ.

ಬಸವಕಲ್ಯಾಣದ ಯಾತ್ರೆಗೆಂದು ಹೋಗಿದ್ದ ನಾವು ಹುಮನಾಬಾದಿನಲ್ಲಿ ಬೀಗರ ಮನೆಯಲ್ಲಿ ನಾಲ್ಕು ದಿನ ಉಳಿದೆವು. ಅವರದು ತೊಗರಿ, ಕಬ್ಬಿನ ಬೇಸಾಯ. ಹಲವು ವರ್ಷಗಳ ಜಮೀನಿನ ಲೆಕ್ಕ, ಪಾಲುಪಟ್ಟಿಯ ಕಾಗದಗಳ ಪ್ರತಿ, ತೀರಿಹೋದ ಹಿರಿಯರ ಚಿತ್ರಗಳು ಎಲ್ಲವೂ ಒಂದೇ ಪೆನ್ ಡ್ರೈವಿನಲ್ಲಿದ್ದವು. ಒಂದು ಸಂಜೆ ಅದನ್ನು ಸಿಕ್ಕಿಸಿದಾಗ ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು. “ಮಾಮಾ, ಫಾರ್ಮ್ಯಾಟ್ ಮಾಡ್ರಿ ಅಂತ ಕೇಳಲತ್ತದ, ಒತ್ತಲೇನ್ರಿ?” ಎಂದು ಮನೆಯ ಹುಡುಗ ಕೂಗಿದ. “ಬೇಡಪ್ಪ, ಮೊದಲು ಕೈ ತೆಗಿ” ಎಂದು ನಾವು ಓಡಿಹೋದೆವು. ಫಾರ್ಮ್ಯಾಟ್ ಎಂದರೆ ದುರಸ್ತಿಯಲ್ಲ. ಇರುವುದನ್ನು ಅಳಿಸಿ ಹೊಸದಾಗಿ ಸಿದ್ಧಮಾಡುವುದು. ಪೆನ್ ಡ್ರೈವನ್ನು ಮುಂಭಾಗದ ಕಿಂಡಿಯಿಂದ ತೆಗೆದು ಪೆಟ್ಟಿಗೆಯ ಹಿಂಭಾಗದ ಕಿಂಡಿಗೆ ಹಾಕಿದೆವು. ಎಲ್ಲವೂ ತೆರೆದುಕೊಂಡಿತು! ದೋಷವಿದ್ದದ್ದು ಕಪ್ಪುನೆಲದ ಧೂಳು ತುಂಬಿದ್ದ ಮುಂದಿನ ಕಿಂಡಿಯಲ್ಲಿ. ಹುಡುಗ ಒಂದು ಗುಂಡಿ ಒತ್ತಿದ್ದರೆ ಒಂದು ಮನೆತನದ ದಾಖಲೆ ಹೋಗುತ್ತಿತ್ತು.

ಪರೀಕ್ಷೆಯ ಕ್ರಮ ತಿಳಿಯುವ ಮೊದಲು ಈ ಏರ್ಪಾಡಿನ ಗುಟ್ಟು ತಿಳಿದಿರಬೇಕು. ಯು.ಎಸ್.ಬಿ. ಹೊರಬಂದದ್ದು 1996ರಲ್ಲಿ. ಅದನ್ನು ರೂಪಿಸುವಲ್ಲಿ ಮುಂದಾಳಾಗಿದ್ದವರು ಬರೋಡೆಯಲ್ಲಿ ಓದಿದ ಇಂಟೆಲ್ ಎಂಜಿನಿಯರ್ ಅಜಯ್ ಭಟ್. 2000ದಲ್ಲಿ ಬಂದ ಎರಡನೆಯ ಮಾದರಿಯ ಕೇಬಲಿನೊಳಗೆ ಮುಖ್ಯವಾಗಿ ನಾಲ್ಕು ತಂತಿಗಳು: ಎರಡು 5 ವೋಲ್ಟ್ ವಿದ್ಯುತ್ತಿಗೆ, ಎರಡು ಮಾಹಿತಿಗೆ. ಆದ್ದರಿಂದ ದೀಪ ಉರಿದ ಮಾತ್ರಕ್ಕೆ ಸಾಧನ ಸರಿಯಿದೆ ಎನ್ನಲಾಗದು. ವಿದ್ಯುತ್ ಹರಿದು ಮಾಹಿತಿ ಹರಿಯದೆ ಇರಬಹುದು. ಫೋನ್ ಚಾರ್ಜಿಗೆಂದೇ ಮಾಡಿದ ಕೆಲವು ಅಗ್ಗದ ಕೇಬಲುಗಳಲ್ಲಿ ಮಾಹಿತಿಯ ತಂತಿಯೇ ಇರುವುದಿಲ್ಲ.

ಇನ್ನು ಪರೀಕ್ಷೆಯ ಕ್ರಮ. ಒಂದು ಸಲಕ್ಕೆ ಒಂದನ್ನೇ ಬದಲಿಸತಕ್ಕದ್ದು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು.

1. ಕಿಂಡಿ ಬದಲಿಸಿ. ಹಿಂಭಾಗದ ಕಿಂಡಿಗಳು ಯಂತ್ರದ ಮುಖ್ಯ ಹಲಗೆಯಲ್ಲೇ ಇರುತ್ತವೆ. ಮುಂಭಾಗದವು ಒಳಗಿನ ಒಂದು ವೈರಿನ ಮೂಲಕ ಬರುತ್ತವೆ. ಧೂಳಿದ್ದರೆ ಯಂತ್ರ ಆರಿಸಿ, ಪ್ಲಗ್ ಕಳಚಿ, ಒಣ ಮೆದು ಬ್ರಷ್ಷಿನಿಂದ ತೆಗೆಯಿರಿ. ಪಿನ್ನು, ಸೂಜಿ ಹಾಕಬಾರದು.

2. ಕೇಬಲ್ ಬದಲಿಸಿ. ಎರಡನೆಯ ಮಾದರಿಯ ಕೇಬಲ್ 5 ಮೀಟರಿಗಿಂತ ಉದ್ದವಿರಬಾರದು.

3. ಅದೇ ಸಾಧನವನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ ನೋಡಿ. ಅಲ್ಲಿ ನಡೆದರೆ ದೋಷ ನಮ್ಮ ಯಂತ್ರದ್ದು. ಅಲ್ಲಿಯೂ ನಡೆಯದಿದ್ದರೆ ಸಾಧನದ್ದೇ ಇರಬೇಕು.

4. ಯಂತ್ರವನ್ನು ‘ರೀಸ್ಟಾರ್ಟ್’ ಮಾಡಿ. ಈಗಿನ ವಿಂಡೋಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡಿದ್ದರೆ ‘ಶಟ್ ಡೌನ್’ ಒತ್ತಿದಾಗ ಹಳೆಯ ಸ್ಥಿತಿಯ ಒಂದು ಭಾಗ ಉಳಿದುಕೊಳ್ಳುತ್ತದೆ. ರೀಸ್ಟಾರ್ಟ್ ಮಾಡಿದರೆ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ.

5. ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ಸಾಧನದ ಹೆಸರಿನ ಪಕ್ಕ ಹಳದಿ ಗುರುತಿದ್ದರೆ ಅದನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಸರಿಯಿಲ್ಲದೆ ಇರಬಹುದು. ಆ ಸಾಧನವನ್ನು ‘ಅನ್‌ಇನ್‌ಸ್ಟಾಲ್’ ಮಾಡಿ ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಅದನ್ನು ಪುನಃ ಗುರುತಿಸಲು ಯತ್ನಿಸುತ್ತದೆ. ಕೀಲಿಮಣೆ, ಮೌಸುಗಳ ಮೇಲೆ ಮಾತ್ರ ಈ ಪ್ರಯೋಗ ಬೇಡ.

ಸ್ವಲ್ಪ ಹೊತ್ತು ನಡೆದು ನಿಂತುಹೋಗುವ ಸಾಧನಗಳದು ಬೇರೆಯೇ ಕಥೆ. ಮರುದಿನ ನಾವು ಹೆದ್ದಾರಿಯ ಸಸ್ತಾಪುರ ಬಂಗ್ಲಾದಲ್ಲಿ ಇಳಿದು ಬಸವಕಲ್ಯಾಣಕ್ಕೆ ಹೋದಾಗ ಇದನ್ನೂ ಕಂಡೆವು. ಅಲ್ಲಿಯ ನಿವೃತ್ತ ಶಿಕ್ಷಕ ಮಿತ್ರರ ಹೊರಗಿನ ಹಾರ್ಡ್ ಡಿಸ್ಕ್ ಆಗಾಗ ಮಾಯವಾಗುತ್ತಿತ್ತು. ಹೊಸದನ್ನು ಕೊಳ್ಳಲು ಅವರು ಹಣ ತೆಗೆದಿರಿಸಿದ್ದರು. ನೋಡಿದರೆ, ಒಂದೇ ಕಿಂಡಿಗೆ ಕವಲು ಪೆಟ್ಟಿಗೆ ಹಾಕಿ, ಅದರಿಂದ ಡಿಸ್ಕು, ಚಿಕ್ಕ ಫ್ಯಾನು, ಚಾರ್ಜಾಗುತ್ತಿದ್ದ ಫೋನು! ಎರಡನೆಯ ಮಾದರಿಯ ಕಿಂಡಿ ಕೊಡಬೇಕಾದ ವಿದ್ಯುತ್ತು 500 ಮಿಲಿಆಂಪಿಯರ್. 2008ರ ಮೂರನೆಯ ಮಾದರಿಯದು, ಸಾಮಾನ್ಯವಾಗಿ ನೀಲಿ ನಾಲಿಗೆಯ ಕಿಂಡಿ, 900. ಒಂದು ಪಂಪಿನ ನೀರನ್ನು ಮೂರು ಗದ್ದೆಗೆ ತಿರುಗಿಸಿದಂತಾಗಿತ್ತು. ಡಿಸ್ಕನ್ನು ನೇರವಾಗಿ ಹಿಂದಿನ ನೀಲಿ ಕಿಂಡಿಗೆ ಹಾಕಿದೆವು, ಖರ್ಚು ಉಳಿಯಿತು. ಇಷ್ಟಾದರೂ ಸರಿಹೋಗದಿದ್ದರೆ ಡಿವೈಸ್ ಮ್ಯಾನೇಜರಿನ ‘ಯು.ಎಸ್.ಬಿ. ರೂಟ್ ಹಬ್’ನಲ್ಲಿ, ವಿದ್ಯುತ್ ಉಳಿಸಲು ಸಾಧನವನ್ನು ಆರಿಸುವ ಅನುಮತಿಯ ಗುರುತನ್ನು ತೆಗೆಯಬಹುದು.

ಸಂಘದ ಪದಾಧಿಕಾರಿಗಳಿಗೆ ಒಂದು ಮಾತು. ಡಿಜಿಟಲ್ ಸಹಿಯ ಟೋಕನ್ ಕಾಣಿಸದಿದ್ದರೆ ಅದರದೇ ಡ್ರೈವರ್ ಹಾಕಿದೆಯೇ ಎಂದು ಮೊದಲು ನೋಡಬೇಕು. ಪಾಸ್‌ವರ್ಡನ್ನು ಊಹಿಸಿ ಪದೇ ಪದೇ ಹೊಡೆದರೆ ಟೋಕನ್ ಬೀಗ ಹಾಕಿಕೊಳ್ಳುತ್ತದೆ.

ಬಯಲುಸೀಮೆಯಲ್ಲಿ ಧೂಳು ಶತ್ರುವಾದರೆ ನಮ್ಮಲ್ಲಿ ತೇವ. ಮಳೆಗಾಲದಲ್ಲಿ ಕಿಂಡಿಯ ಲೋಹಕ್ಕೆ ಕಿಲುಬು ಹಿಡಿಯುತ್ತದೆ. ಪೆನ್ ಡ್ರೈವನ್ನು ಮುಚ್ಚಳ ಹಾಕಿ ಒಣ ಡಬ್ಬಿಯಲ್ಲಿಡಿ. ಗುಡುಗು ಸಿಡಿಲಿನ ವೇಳೆ ಪ್ಲಗ್ ಕಳಚಿಡಿ. ಪೆಟ್ಟಿಗೆ ಮುಟ್ಟಿದಾಗ ಜುಮ್ಮೆಂದರೆ ಅರ್ಥಿಂಗ್ ಪರೀಕ್ಷಿಸಲು ವಿದ್ಯುತ್ ಕೆಲಸದವರನ್ನು ಕರೆಸಿ.

ಪ್ರತಿಗಳು ಬೇರೆಡೆ ಇರುವಾಗ ಯಾವ ಸಾಧನ ಕೆಟ್ಟರೂ ಅದು ಬರಿಯ ಖರ್ಚು. ಪ್ರತಿ ಇಲ್ಲದಿದ್ದರೆ ನಷ್ಟ. ಹುಮನಾಬಾದಿನ ಬೀಗರು ಆ ರಾತ್ರಿಯೇ ಎಲ್ಲವನ್ನೂ ಕಂಪ್ಯೂಟರಿಗೆ ಮತ್ತು ಇನ್ನೊಂದು ಪೆನ್ ಡ್ರೈವಿಗೆ ಇಳಿಸಿಕೊಂಡು, ಅದನ್ನು ಅಳಿಯನ ಮನೆಗೆಂದು ನಮ್ಮ ಕೈಯಲ್ಲಿ ಕೊಟ್ಟರು. ಕರೆಂಟು ಹೋಗುವ ಊರಿನಲ್ಲಿ ‘ಇಜೆಕ್ಟ್’ ಒತ್ತದೆ ಪೆನ್ ಡ್ರೈವ್ ಕೀಳಬಾರದು, ಕೆಲಸ ಮುಗಿದ ಮೇಲೆ ಅದನ್ನು ಸಿಕ್ಕಿಸಿಯೂ ಇಡಬಾರದು. ಯಾವ ಕಿಂಡಿಯಲ್ಲೂ, ಯಾವ ಯಂತ್ರದಲ್ಲೂ ತೆರೆಯದಿದ್ದರೆ ಅದಕ್ಕೆ ಹೊಸದೇನನ್ನೂ ಬರೆಯದೆ ದತ್ತಾಂಶ ಮರಳಿ ತೆಗೆಯಬಲ್ಲ ತಜ್ಞರಿಗೆ ಒಪ್ಪಿಸಿ.

ಸದಸ್ಯರು ಈ ಪುಟವನ್ನು ಕತ್ತರಿಸಿ ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿಕೊಳ್ಳಬೇಕೆಂದು ನಮ್ಮ ವಿನಂತಿ. ಮನೆಯ ಮಕ್ಕಳಿಗೂ ಓದಿ ಹೇಳಿ. ಗುಂಡಿ ಒತ್ತುವ ಕೈ ಹೆಚ್ಚಾಗಿ ಅವರದೇ.

ಕಾರ್ಯದರ್ಶಿ