ಹಳೆಯ ಬೇನೆಯೂ ಬೇನೆಯ ವೈದ್ಯರೂ

ನಮ್ಮ ವಾಚನಾಲಯದ ಬಾಗಿಲು ಸಂಜೆ ತೆರೆಯುವ ಹೊತ್ತಿಗೆ ಬಂದು, ಗೋಡೆಗೆ ಬೆನ್ನು ಕೊಟ್ಟು ನಿಂತೇ ಪತ್ರಿಕೆ ಓದುವ ಹಿರಿಯರೊಬ್ಬರನ್ನು ವಾಚಕರಲ್ಲಿ ಅನೇಕರು ಬಲ್ಲರು. ಉಡುಪಿಯ ಕಡೆಯವರು, ಮೂವತ್ತು ವರ್ಷ ಹೋಟೆಲಿನ ದೋಸೆಕಾವಲಿಯ ಮುಂದೆ ನಿಂತವರು. “ಕೂತುಕೊಳ್ಳಿ ಅಣ್ಣ” ಎಂದರೆ, “ಕೂತರೆ ಏಳಲಿಕ್ಕೆ ಆಗುವುದಿಲ್ಲ ಮಾರಾಯ್ರೆ” ಎನ್ನುವರು. ಸೊಂಟದಿಂದ ಎಡಗಾಲಿನ ಹಿಮ್ಮಡಿಯವರೆಗೆ ಅವರಿಗೆ ಬೇನೆ. ಏಳು ವರ್ಷ ದಿನಕ್ಕೆ ಎರಡು ನೋವಿನ ಗುಳಿಗೆ ನುಂಗಿದರು. ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ಆ ಗುಳಿಗೆಯನ್ನು ಎಷ್ಟೋ ಸಲ ತಂದುಕೊಟ್ಟವರು ನಾವೇ. ಕಳೆದ ಮಳೆಗಾಲದಲ್ಲಿ ಅವರ ಪಾದಗಳು ಊದಿಕೊಂಡವು. ರಕ್ತಪರೀಕ್ಷೆ ಮಾಡಿಸಿದಾಗ ಮೂತ್ರಪಿಂಡ ಸೋತಿರುವುದು ಕಂಡುಬಂದಿತು.

ಈ ಪಾಠ ಬರೆಯಲು ಅದೇ ಕಾರಣ. ನಾವು ವೈದ್ಯರಲ್ಲ, ಗಿರಣಿಯ ಕಚೇರಿಯಲ್ಲಿ ಹಾಜರಿ ಪುಸ್ತಕ ಬರೆಯುವ ಗುಮಾಸ್ತರು, ಮೆಟ್ರಿಕ್ ವರೆಗೆ ಓದಿದವರು. ಅವರೊಡನೆ ಐದಾರು ಸಲ ಆಸ್ಪತ್ರೆಗೆ ಅಲೆದು ಕೇಳಿದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ವಾಚಕರ ಮುಂದಿಡುತ್ತೇವೆ.

ಹೊಸ ನೋವು ಉಪಕಾರಿಯಾದುದು. ಕೈ ಸುಟ್ಟರೆ ಕೈ ಹಿಂದೆಗೆದುಕೊಳ್ಳುವಂತೆ ಮಾಡುವುದು ಅದೇ. ಆದರೆ ಮೂರು ತಿಂಗಳು ಮೀರಿಯೂ ಉಳಿಯುವ ನೋವನ್ನು ವೈದ್ಯಶಾಸ್ತ್ರವು ಬೇರೆಯಾಗಿ ಎಣಿಸುತ್ತದೆ. ಪಾಳಿ ಮುಗಿದು ಕೆಲಸಗಾರರೆಲ್ಲ ಮನೆಗೆ ಹೋದಮೇಲೂ ಗಿರಣಿಯ ಭೋಂಗಾ ನಿಲ್ಲದೆ ಕೂಗುತ್ತಿದ್ದರೆ ಹೇಗೋ ಹಾಗೆ. ಗಾಯ ಮಾಗಿದ್ದರೂ ನರಗಳೂ ಬೆನ್ನುಹುರಿಯೂ ಸೂಕ್ಷ್ಮವಾಗಿಬಿಟ್ಟು, ಸಣ್ಣ ತಾಗುವಿಕೆಯನ್ನೂ ನೋವೆಂದೇ ಸಾರುತ್ತವೆ. ಇಂಥ ನೋವು ಸುಳ್ಳಲ್ಲ. “ನಿನ್ನ ಮನಸ್ಸಿನ ಭ್ರಮೆ” ಎಂದು ಮನೆಯವರು ಹೇಳಬಾರದು.

ಇದಕ್ಕೇ ಮೀಸಲಾದ ವೈದ್ಯರಿದ್ದಾರೆಂಬುದು ನಮಗೆ ಗೊತ್ತೇ ಇರಲಿಲ್ಲ. ಮೂಳೆಗೆ ಮೂಳೆಯ ವೈದ್ಯರು, ನರಕ್ಕೆ ನರದ ವೈದ್ಯರು. ನೋವಿನ ವೈದ್ಯರೋ ಬಹುಮಟ್ಟಿಗೆ ಅರಿವಳಿಕೆ ಶಾಸ್ತ್ರದಿಂದ ಬಂದವರು. ಶಸ್ತ್ರಕ್ರಿಯೆಯ ವೇಳೆ ಯಾವ ನರಕ್ಕೆ ಎಲ್ಲಿ ಮದ್ದು ಕೊಟ್ಟರೆ ನೋವು ಅಡಗುವುದೆಂದು ಬಲ್ಲವರು ಅವರೇ ತಾನೇ? ಈ ಶಾಖೆಗೆ ಬುನಾದಿ ಹಾಕಿದವರಲ್ಲಿ ಮುಖ್ಯರಾದ ಜಾನ್ ಬೊನಿಕಾ ಇಟಲಿಯ ಒಂದು ದ್ವೀಪದಲ್ಲಿ 1917ರಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು. ಹೊಟ್ಟೆಪಾಡಿಗೆ ಕುಸ್ತಿಯಾಡಿ ವೈದ್ಯಕೀಯ ಓದಿದವರು. ಎರಡನೆಯ ಮಹಾಯುದ್ಧದಲ್ಲಿ ಗಾಯಾಳು ಸಿಪಾಯಿಗಳ ಆರದ ನೋವನ್ನು ಕಂಡು, ಇದು ಒಬ್ಬ ವೈದ್ಯನಿಂದ ಆಗುವ ಕೆಲಸವಲ್ಲ, ಹಲವರು ಕೂಡಿ ನೋಡಬೇಕೆಂದು ತಿಳಿದರು. 1953ರಲ್ಲಿ ನೋವಿನ ಚಿಕಿತ್ಸೆಯ ಮೇಲೆ ದೊಡ್ಡ ಗ್ರಂಥವನ್ನೇ ಬರೆದರು. ಕುಸ್ತಿಯ ಪೆಟ್ಟಿನಿಂದ ಸ್ವತಃ ಜೀವಮಾನವಿಡೀ ಕೀಲುನೋವು ಅನುಭವಿಸಿದವರು ಅವರು!

1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ವಾದ ಮುಂದಿಟ್ಟರು: ಬೆನ್ನುಹುರಿಯಲ್ಲಿ ಒಂದು ಗೇಟು ಇದ್ದಂತೆ, ಸ್ಪರ್ಶದ ಸುದ್ದಿ ಹೆಚ್ಚಾಗಿ ನುಗ್ಗಿದರೆ ನೋವಿನ ಸುದ್ದಿಗೆ ದಾರಿ ಕಿರಿದಾಗುತ್ತದೆ, ಮೆದುಳೂ ಮೇಲಿನಿಂದ ಆ ಗೇಟನ್ನು ತೆರೆಯಬಲ್ಲುದು, ಮುಚ್ಚಬಲ್ಲುದು. ಮೊಣಕೈ ತಗುಲಿದಾಗ ನಾವು ಉಜ್ಜಿಕೊಳ್ಳುವುದರ ಗುಟ್ಟು ಇದೇ. ನಿದ್ದೆಗೆಟ್ಟ ರಾತ್ರಿ, ಸಾಲದ ಚಿಂತೆಯ ದಿನ ಬೇನೆ ಏರುವುದರ ಗುಟ್ಟೂ ಇದೇ. ಆ ವಾದದ ವಿವರಗಳನ್ನು ಮುಂದೆ ತಿದ್ದಿದರೂ ಮೂಲ ವಿಚಾರ ನಿಂತಿದೆ.

ಇನ್ನು ಗುಳಿಗೆಯ ಮಾತು. ಮಲಬಾರ್ ಹಿಲ್ಲಿನ ಪಾರಸಿ ಬಂಧುಗಳ ಡೂಂಗರ್‌ವಾಡಿಯ ಮೇಲೆ ಸುತ್ತುತ್ತಿದ್ದ ರಣಹದ್ದುಗಳು ಈಗ ಇಲ್ಲ. ದೇಶದಲ್ಲೆಲ್ಲ ಅವು ಅಳಿದುದಕ್ಕೆ ದೊಡ್ಡ ಕಾರಣ, ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು ಎಂದು 2004ರಲ್ಲಿ ಗೊತ್ತಾಯಿತು. ಆ ದನಗಳ ಹೆಣ ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು. 2006ರಲ್ಲಿ ಪಶುವೈದ್ಯಕ್ಕೆ ಅದನ್ನು ನಿಷೇಧಿಸಲಾಯಿತು. ಮನುಷ್ಯನ ಶರೀರ ಹದ್ದಿನಂತಲ್ಲ, ನಿಜ. ವೈದ್ಯರು ಹೇಳಿದಷ್ಟು ದಿನ ತೆಗೆದುಕೊಂಡರೆ ಅನೇಕರಿಗೆ ತೊಂದರೆಯಿಲ್ಲ. ಆದರೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಗುಳಿಗೆಗಳನ್ನು ವರ್ಷಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರಿಗೆ ಅಪಾಯ ಹೆಚ್ಚು. ಅಣ್ಣನಿಗೆ ಎರಡೂ ಇದ್ದವು. ನಾವು ಒಮ್ಮೆಯೂ ಕೇಳಿರಲಿಲ್ಲ.

ವೈದ್ಯರ ಮುಂದೆ ಕುಳಿತಾಗ ನಮ್ಮವರು ಎಡವುವುದು ಭಾಷೆಯಲ್ಲಿ. ಊರಲ್ಲಿ ನೋವಿಗೆ ಹತ್ತು ಹೆಸರು ಹೇಳುವವರು ಇಲ್ಲಿ “ದರ್ದ್ ಹೈ” ಎಂದು ಮುಗಿಸಿಬಿಡುತ್ತಾರೆ. ಆದರೆ ವೈದ್ಯರಿಗೆ ಬೇಕಾದುದು ಆ ಹತ್ತು ಹೆಸರೇ. ಉರಿ, ಜೋಮು, ಮಿಂಚು ಹೊಡೆದಂತೆ ಕಾಲಿಗಿಳಿಯುವ ಸೆಳೆತ, ಇವು ನರದ ನೋವನ್ನು ಸೂಚಿಸುತ್ತವೆ. ಅದರ ಮದ್ದೇ ಬೇರೆ. ಉರಿಗೆ ಮರಾಠಿಯಲ್ಲಿ ‘ಜಳಜಳ’ ಎನ್ನಿರಿ. ಜೋಮು ಹಿಡಿದರೆ ‘ಮುಂಗ್ಯಾ ಯೇತಾತ್’, ಅಂದರೆ ಇರುವೆ ಹರಿದಂತೆ. ವಿಜಾಪುರದ ಕಡೆಯವರ ‘ಚಳಕು’ ಮರಾಠಿಯ ‘ಚಮಕ್’ಗೆ ಹತ್ತಿರ. ನಾಡಿ ಬಡಿದಂತೆ ಮಿಡಿಯುವ ನೋವು ‘ಠಣಕಾ’. ಮರಗಟ್ಟಿದ್ದರೆ ‘ಬಧೀರ್’. ಅಣ್ಣ ಮೊದಲ ದಿನ “ಪಾಂವ್ ಮೇಂ ದರ್ದ್” ಎಂದಷ್ಟೇ ಹೇಳಿದ್ದರು. ಎರಡನೆಯ ಸಲ ನಾವು ‘ಜಳಜಳ’, ‘ಮುಂಗ್ಯಾ’ ಎಂದು ಸೇರಿಸಿದೊಡನೆ ವೈದ್ಯರು ಲೇಖನಿ ಕೆಳಗಿಟ್ಟು ಅವರ ಕಾಲನ್ನು ಎತ್ತಿ ನೋಡಿದರು.

ಸೊನ್ನೆಯಿಂದ ಹತ್ತರೊಳಗೆ ನೋವೆಷ್ಟು ಎಂದೂ ಕೇಳುವರು. ಪಾಪದವರೆಂದು ತೋರಿಸಲು ಹತ್ತು ಹೇಳಬೇಡಿ, ಸಂಕೋಚದಿಂದ ಎರಡು ಹೇಳಬೇಡಿ. ಎಷ್ಟು ಹೊತ್ತು ನಿಲ್ಲಬಲ್ಲಿರಿ, ಲೋಕಲ್ ಗಾಡಿಯ ಮೆಟ್ಟಿಲು ಹತ್ತಬಲ್ಲಿರಾ, ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ, ಇದನ್ನು ಹೇಳಿರಿ. ಹಳೆಯ ಕಾಗದಗಳನ್ನೂ ನುಂಗುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿಯನ್ನೂ ಒಯ್ಯತಕ್ಕದ್ದು. ಊರಿನ ಕಷಾಯ, ಪುಡಿಯನ್ನೂ ಬಿಡದೆ.

ಎಂ.ಆರ್.ಐ. ಚಿತ್ರದಲ್ಲಿ ‘ಡಿಸ್ಕ್ ಸವೆದಿದೆ’ ಎಂದು ಕಂಡೊಡನೆ ಎದೆಗುಂದಬೇಕಾಗಿಲ್ಲ. ಬೆನ್ನುನೋವೇ ಇಲ್ಲದವರ ಚಿತ್ರಗಳ ಬಗೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಇಪ್ಪತ್ತರ ವಯಸ್ಸಿನವರಲ್ಲೇ ನೂರಕ್ಕೆ 37 ಜನರಿಗೆ, ಎಂಬತ್ತರವರಲ್ಲಿ 96 ಜನರಿಗೆ ಡಿಸ್ಕ್ ಸವೆದಿತ್ತು. ಚಿತ್ರಕ್ಕೂ ದೇಹಕ್ಕೂ ತಾಳೆ ಹಾಕುವುದು ವೈದ್ಯರ ಕೆಲಸ.

ಚಿಕಿತ್ಸೆಯಲ್ಲಿ ಮೊದಲು ಬರುವುದು ಮದ್ದು ಮತ್ತು ವ್ಯಾಯಾಮ. ನರದ ನೋವಿಗೆ ಗಾಬಾಪೆಂಟಿನ್, ಅಮಿಟ್ರಿಪ್ಟಿಲಿನ್ ಮುಂತಾದವನ್ನು ಬರೆಯುವರು. ಮೊದಲನೆಯದು ಮೂರ್ಛೆರೋಗಕ್ಕೆ, ಎರಡನೆಯದು ಖಿನ್ನತೆಗೆ ಬಂದ ಮದ್ದು. ಅಂಗಡಿಯವ “ಇದು ಫಿಟ್ಸಿನ ಗೋಲಿ” ಎಂದನೆಂದು ಅಣ್ಣ ಒಂದು ವಾರ ಅದನ್ನು ಮುಟ್ಟಲಿಲ್ಲ. ಹಾಗೆ ಮಾಡಬಾರದು, ಸಂಶಯವಿದ್ದರೆ ಬರೆದವರನ್ನೇ ಕೇಳಬೇಕು, ತಾನಾಗಿ ಥಟ್ಟನೆ ನಿಲ್ಲಿಸಲೂಬಾರದು. ಆಯ್ದ ಕೆಲವರಿಗೆ ಕ್ಷ-ಕಿರಣದಲ್ಲಿ ನೋಡುತ್ತ ನರದ ಬಳಿ ಸೂಜಿಮದ್ದು ಕೊಡುವರು. ಅದರ ಗುಣ ಸಾಮಾನ್ಯವಾಗಿ ಕೆಲವು ವಾರ ಅಥವಾ ತಿಂಗಳು. ಆ ಬಿಡುವಿನಲ್ಲಿ ವ್ಯಾಯಾಮ ಕಲಿಯಬೇಕು. ಸ್ಟಿರಾಯ್ಡ್ ಇರುವುದರಿಂದ ಸಕ್ಕರೆ ಏರಬಹುದು. ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುವವರು ಮುಂಚಿತವಾಗಿ ತಿಳಿಸಬೇಕು. ‘ಒಂದೇ ಸಲಕ್ಕೆ ಶಾಶ್ವತ ಗುಣ, ಗ್ಯಾರಂಟಿ’ ಎಂದು ಗಾಡಿಯ ಡಬ್ಬಿಯಲ್ಲಿ ಅಂಟಿಸುವ ಚೀಟಿಗಳನ್ನು ನಂಬಿ ಹಣ ಕಳೆದವರು ನಮ್ಮಲ್ಲೇ ಇದ್ದಾರೆ.

ಒಂದು ಎಚ್ಚರಿಕೆ. ಬೆನ್ನುನೋವಿನೊಡನೆ ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಕೂರುವ ಭಾಗ ಮರಗಟ್ಟಿದರೆ, ಕಾಲಿನ ಬಲ ಕುಂದುತ್ತ ಬಂದರೆ, ಸರದಿಗೆ ಕಾಯದೆ ಅಂದೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಅಲ್ಲಿ ಶಸ್ತ್ರಕ್ರಿಯೆಯೇ ಕಾಲನ್ನು ಉಳಿಸಬಹುದು. ಜ್ವರವೂ ಕಾರಣವಿಲ್ಲದೆ ತೂಕ ಇಳಿಯುವುದೂ ಜೊತೆಗಿದ್ದರೆ ತಡಮಾಡಬಾರದು.

ಪರೇಲಿನ ಕೆ.ಇ.ಎಂ., ಶೀವದ ಲೋಕಮಾನ್ಯ ಟಿಳಕ್, ಮುಂಬಯಿ ಸೆಂಟ್ರಲಿನ ನಾಯರ್, ಇವು ನಗರಪಾಲಿಕೆಯ ಬೋಧನಾ ಆಸ್ಪತ್ರೆಗಳು. ಕೇಸ್‌ಪೇಪರಿನ ಕಿಟಕಿಯಲ್ಲಿ ‘ಪೇನ್ ಕ್ಲಿನಿಕ್’ ಯಾವ ವಾರ, ಯಾವ ಕೋಣೆ ಎಂದು ಕೇಳಿರಿ. ಗೊತ್ತಿಲ್ಲವೆಂದರೆ ಅರಿವಳಿಕೆ ವಿಭಾಗದಲ್ಲಿ ವಿಚಾರಿಸಿರಿ. ಇ.ಎಸ್.ಐ. ಚೀಟಿಯಿದ್ದವರು ತಮ್ಮ ದವಾಖಾನೆಯಿಂದ ಶಿಫಾರಸು ಪಡೆಯಬೇಕು. ಹೋಟೆಲಿನ ಎಷ್ಟೋ ಹುಡುಗರಿಗೆ ತಮ್ಮ ಸಂಬಳದಿಂದ ಅದಕ್ಕೆ ಹಣ ಮುರಿಯುತ್ತಾರೆಂಬುದೇ ತಿಳಿದಿರುವುದಿಲ್ಲ!

ಅಣ್ಣನ ಮೂತ್ರಪಿಂಡ ಮೊದಲಿನಂತೆ ಆಗಿಲ್ಲ. ಇನ್ನೂ ಕೆಡದೆ ನಿಂತಿದೆ, ಅಷ್ಟೆ. ಹಳೆಯ ಗುಳಿಗೆ ಬಿಡಿಸಿ, ಮೂತ್ರಪಿಂಡ ನೋಡಿಕೊಂಡು ನರದ ಮದ್ದನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟಿದ್ದಾರೆ. ಒಂದು ಸೂಜಿಮದ್ದೂ ಆಯಿತು. ನೋವು ಎಂಟರಿಂದ ನಾಲ್ಕಕ್ಕೆ ಇಳಿದಿದೆ ಎನ್ನುತ್ತಾರೆ. ದಿನವೂ ಕಡಲದಂಡೆಯಲ್ಲಿ ಅರ್ಧ ಗಂಟೆ ನಡೆಯುತ್ತಾರೆ. ಹೋದ ಭಾನುವಾರ ವಾಚನಾಲಯದ ಬೆಂಚಿನ ಮೇಲೆ ಕುಳಿತು ಒಂದಿಡೀ ಪುರವಣಿ ಓದಿದರು.

ಆಸ್ಪತ್ರೆಗೆ ಜೊತೆ ಬರುವವರಿಲ್ಲದ ವಾಚಕರು ಗ್ರಂಥಗಳ ಕಪಾಟಿನ ಬಳಿಯ ಮೇಜಿನಲ್ಲಿ ಹೆಸರು ಬರೆದಿಡಬಹುದು. ಎರಡನೆಯ ಪಾಳಿಯ ವಾರಗಳಲ್ಲಿ ನಮಗೆ ಬೆಳಗ್ಗೆ ಬಿಡುವಿರುತ್ತದೆ. ಕಾಗದಗಳನ್ನು ತಪ್ಪದೆ ತರಬೇಕು.