ಹೊಸ ಊರಲ್ಲಿ ಸಿಕ್ಕ ಗಣಿಕೆ ಸೊಪ್ಪು: ಕೀಳುವ ಮೊದಲು



ಕಳೆದ ಮಳೆಗಾಲದಲ್ಲಿ ಡೊಂಬಿವಲಿಯ ಒಬ್ಬ ತಾಯಿ ತಪಾಸಣೆಗೆ ಬಂದಿದ್ದರು. ಮೂಲತಃ ಶಿರಸಿ ಕಡೆಯವರು, ಮದುವೆಯಾಗಿ ಇಲ್ಲಿಗೆ ಬಂದವರು. ಚಿಕ್ಕಂದಿನಲ್ಲಿ ಬಂದ ಸಂಧಿವಾತ ಜ್ವರದಿಂದ ಹೃದಯದ ಕವಾಟ ಹಾಳಾಗಿ, ಅದರ ಜಾಗದಲ್ಲಿ ಲೋಹದ ಕವಾಟ ಹಾಕಲಾಗಿದೆ. ಇಂಥವರು ರಕ್ತ ಹೆಪ್ಪುಗಟ್ಟದ ಹಾಗೆ ಜೀವನಪೂರ್ತಿ ಮಾತ್ರೆ ನುಂಗಬೇಕು. ಮಾತ್ರೆ ಎಷ್ಟು ಕೆಲಸ ಮಾಡುತ್ತಿದೆ ಎಂದು ನೋಡಲು ಐಎನ್‌ಆರ್ ಎಂಬ ರಕ್ತಪರೀಕ್ಷೆ ಇದೆ. ಅವರದು 2.5ರಿಂದ 3.5ರ ನಡುವೆ ಇರಬೇಕು. ವರ್ಷಗಟ್ಟಲೆ ಇತ್ತು ಕೂಡ. ಆ ದಿನ ಬಂದದ್ದು 1.5.

ಅಷ್ಟು ಇಳಿದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಅದರ ಚೂರು ಮಿದುಳಿಗೆ ಹೋದರೆ ಪಾರ್ಶ್ವವಾಯು. ಕವಾಟವೇ ಸಿಕ್ಕಿಹಾಕಿಕೊಂಡರೆ ಇನ್ನೂ ಕೆಟ್ಟದ್ದು.

ಮಾತ್ರೆ ತಪ್ಪಿಸಿದಿರಾ ಎಂದೆ. ಇಲ್ಲ. ಬೇರೆ ಔಷಧಿ? ಇಲ್ಲ. ಊಟದಲ್ಲಿ ಏನಾದರೂ ಬದಲಾವಣೆ? "ಹೊರಗಿನದೇನೂ ತಿಂದಿಲ್ಲ ಡಾಕ್ಟ್ರೇ, ಮನೆಯದೇ ಊಟ" ಎಂದರು. ಎದ್ದು ಹೊರಡುವಾಗ ಮುಖ ಅರಳಿಸಿ ಹೇಳಿದರು: "ನಮ್ಮ ಸೊಸೈಟಿ ಗೋಡೆ ಹಿಂದೆ ಕಾಕಿ ಗಿಡ ಸಿಕ್ಕಿತು. ಇಷ್ಟು ವರ್ಷ ಕಣ್ಣಿಗೇ ಬಿದ್ದಿರಲಿಲ್ಲ. ಬಾಯಿ ಹುಣ್ಣಾಗಿತ್ತಲ್ಲ, ಮೂರು ವಾರದಿಂದ ದಿನಾ ತಂಬುಳಿ!"

ಉತ್ತರ ಅಲ್ಲೇ ಇತ್ತು. (ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯೂ ಇದೆ.)

ಕಾಕಿ ಸೊಪ್ಪು, ಗಣಿಕೆ ಸೊಪ್ಪು, ಕಾಗೆ ಹಣ್ಣಿನ ಗಿಡ, ಆಯುರ್ವೇದದ ಕಾಕಮಾಚಿ ಎಲ್ಲ ಒಂದೇ. ಮರಾಠಿಯವರು ಕಾಮೋಣಿ ಎನ್ನುತ್ತಾರೆ, ಹಿಂದಿಯವರು ಮಕೋಯ್, ತಮಿಳರು ಮಣತ್ತಕ್ಕಾಳಿ. ಬದನೆ, ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ, ಉಡುಪಿಯ ಮಟ್ಟು ಗುಳ್ಳ ಇವೆಲ್ಲ ಅದರ ಬಂಧುಗಳು. ದತ್ತೂರಿಯೂ ಅದೇ ಕುಟುಂಬ. ಒಂದೇ ಮನೆಯಲ್ಲಿ ಸಾಧುವೂ ಇದ್ದಾನೆ, ಕೊಲೆಗಾರನೂ ಇದ್ದಾನೆ.

ಗಣಿಕೆ ಈ ಪ್ರದೇಶಕ್ಕೆ ಹೊಸದಲ್ಲ. ಥಿಯೋಡರ್ ಕುಕ್ ಎಂಬವರು 1901ರಿಂದ 1908ರವರೆಗೆ ಪ್ರಕಟಿಸಿದ ಮುಂಬಯಿ ಪ್ರಾಂತ್ಯದ ಸಸ್ಯಗ್ರಂಥದಲ್ಲಿಯೇ ಅದು ಇದೆ. ನಮಗೆ ಹೊಸದಾಗಿ ಕಂಡಿತು, ಅಷ್ಟೇ. ಥಾಣೆ, ಕಲ್ಯಾಣ್, ನವಿಮುಂಬಯಿಯಲ್ಲಿ ಮಳೆ ಬಿದ್ದ ಮೇಲೆ ಕಾಂಪೌಂಡ್ ಗೋಡೆ ಬುಡದಲ್ಲಿ, ಕಟ್ಟಡ ಕೆಡವಿದ ಜಾಗದಲ್ಲಿ ತಾನಾಗಿ ಹುಟ್ಟುತ್ತದೆ. ಕಾಗೆ ಗುಬ್ಬಿಗಳು ಹಣ್ಣು ತಿಂದು ಬೀಜ ಹರಡುತ್ತವೆ. ಊರು ಬಿಟ್ಟು ಬಂದವರಿಗೆ ಅಂಥ ಗಿಡ ಕಂಡಾಗ ಆಗುವ ಖುಷಿ ನನಗೆ ಗೊತ್ತು. ಹಾಗಾಗಿ ತಿನ್ನಲೇಬೇಡಿ ಎಂದು ಈ ಲೇಖನ ಬರೆಯುತ್ತಿಲ್ಲ.

ಆದರೆ ಹೊಸ ಜಾಗದಲ್ಲಿ ಅದೇ ಗಿಡ ಅದೇ ಗಿಡವಾಗಿರಬೇಕೆಂದಿಲ್ಲ. ಲಿನ್ನೇಯಸ್ 1753ರಲ್ಲಿ ಇದಕ್ಕೆ ಸೋಲನಮ್ ನೈಗ್ರಮ್ ಎಂದು ಹೆಸರಿಟ್ಟ. ಆ ಒಂದು ಹೆಸರಿನಡಿ ಹಲವು ಜಾತಿಗಳನ್ನು ಸೇರಿಸಿ ಕರೆಯಲಾಗುತ್ತಿತ್ತು ಎಂದು ಆಮೇಲೆ ಗೊತ್ತಾಯಿತು. ಭಾರತದಲ್ಲೇ ಮುಖ್ಯವಾಗಿ ಮೂರು: 24 ವರ್ಣತಂತುಗಳ ಅಮೆರಿಕಾನಮ್, 48ರ ವಿಲ್ಲೋಸಮ್, 72ರ ನಿಜವಾದ ನೈಗ್ರಮ್. ವಿಲ್ಲೋಸಮ್ ಹಣ್ಣು ಕಿತ್ತಳೆ ಕೆಂಪು, ಉಳಿದೆರಡರದ್ದು ಕಪ್ಪು. ಇವುಗಳಲ್ಲಿ ಸೊಲನೈನ್ ಬಗೆಯ ಕಹಿ ವಿಷವಸ್ತು ಎಷ್ಟಿದೆ ಎಂಬುದು ಜಾತಿ, ನೆಲ, ಬಲಿತ ಹಂತ ನೋಡಿ ಬೇರೆಬೇರೆ. ನಮ್ಮವರು ತಂಬುಳಿ ಮಾಡುವ ಗಿಡವನ್ನು ಯೂರೋಪಿನ ಪುಸ್ತಕಗಳು ವಿಷ ಎನ್ನುವುದಕ್ಕೆ ಇದೂ ಒಂದು ಕಾರಣ.

*ಹಸಿರು ಕಾಯಿ ಯಾವ ಜಾತಿಯದಾದರೂ ತಿನ್ನಬಾರದು.* ಸೊಲನೈನ್ ಹೆಚ್ಚಿರುವುದು ಕಾಯಿಯಲ್ಲೇ. ವಾಂತಿ, ಹೊಟ್ಟೆನೋವು, ಭೇದಿ ಶುರುವಾಗುತ್ತದೆ. ಮಕ್ಕಳಿಗೆ ಕಾಯಿ ಯಾವುದು, ಹಣ್ಣು ಯಾವುದು ತಿಳಿಯುವುದಿಲ್ಲ. ಕುದಿಸಿದರೆ ಈ ವಿಷ ಪೂರ್ತಿ ನಾಶವಾಗುವುದಿಲ್ಲ, ಸ್ವಲ್ಪ ನೀರಿಗೆ ಇಳಿಯುತ್ತದೆ. ಎಳೆ ಸೊಪ್ಪನ್ನೇ ಬಳಸಿ, ಬೇಯಿಸಿದ ನೀರು ಚೆಲ್ಲಿ. ನಮ್ಮ ಅಜ್ಜಿಯಂದಿರು ಕುಡಿಯನ್ನೇ ಚಿವುಟುತ್ತಿದ್ದದ್ದು ಸುಮ್ಮನೆ ಅಲ್ಲ.

ಇನ್ನು ಗುರುತಿನ ವಿಷಯ. ಕನ್ನಡದಲ್ಲಿ ದತ್ತೂರಿಗೆ ಮದಗುಣಿಕೆ ಎಂಬ ಹೆಸರೂ ಇದೆ. ಗಣಿಕೆ, ಗುಣಿಕೆ. ಊರಿಂದ ಅಮ್ಮ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಹುಟ್ಟಿ ಬೆಳೆದ ಮಗಳು ಹೇಗೆ ಕೇಳಿಸಿಕೊಳ್ಳುತ್ತಾಳೋ! ಎರಡೂ ಒಂದೇ ಪಾಳು ಜಾಗದಲ್ಲಿ ಅಕ್ಕಪಕ್ಕ ಬೆಳೆಯುತ್ತವೆ, ಎಳೆಯದಾಗಿದ್ದಾಗ ಗೊಂದಲ ಸಹಜ. ಗಣಿಕೆ ಹೂವು ಪುಟ್ಟದು, ಬಿಳಿ, ನಡುವೆ ಹಳದಿ, ಮೆಣಸಿನ ಗಿಡದ ಹೂವಿನ ಹಾಗೆ. ಹೂಗೊಂಚಲು ಎಲೆಯ ಬುಡದಿಂದಲ್ಲ, ಎರಡು ಎಲೆಗಳ ನಡುವಿನ ಕಾಂಡದಿಂದ ಹೊರಡುತ್ತದೆ. ಹಣ್ಣು ಗೊಂಚಲಾಗಿ ಜೋತು ಬೀಳುತ್ತದೆ, ಬಟಾಣಿಗಿಂತ ಚಿಕ್ಕದು. ದತ್ತೂರಿ ಹೂವು ಗೇಣುದ್ದದ ಕಹಳೆ, ಕಾಯಿ ಮುಳ್ಳಿನ ಚೆಂಡು, ಎಲೆ ಉಜ್ಜಿದರೆ ಕೆಟ್ಟ ವಾಸನೆ. ಹೂವೂ ಹಣ್ಣೂ ಇಲ್ಲದ ಗಿಡವನ್ನು ಕೀಳಲೇಬೇಡಿ. ನಾನಂತೂ ಕೀಳುವುದಿಲ್ಲ.

ದತ್ತೂರಿ ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂಬುದು ನನ್ನ ಕೆಲಸಕ್ಕೆ ಹತ್ತಿರದ ಸಂಗತಿ. ಹೃದಯ ತೀರಾ ನಿಧಾನವಾದ ರೋಗಿಗೆ ನಾವು ಐಸಿಯುನಲ್ಲಿ ಅಟ್ರೋಪಿನ್ ಚುಚ್ಚುಮದ್ದು ಕೊಡುತ್ತೇವೆ. ವೇಗಸ್ ಎಂಬ ನರ ಹೃದಯಕ್ಕೆ ಬ್ರೇಕ್ ಇದ್ದ ಹಾಗೆ. ಅಟ್ರೋಪಿನ್ ಆ ಬ್ರೇಕನ್ನು ಬಿಡಿಸುತ್ತದೆ, ನಾಡಿ ಏರುತ್ತದೆ. ಈ ಔಷಧಿಯನ್ನು 1830ರ ದಶಕದಲ್ಲಿ ಜರ್ಮನಿಯಲ್ಲಿ ಬೇರ್ಪಡಿಸಿದ್ದು ಇದೇ ಕುಟುಂಬದ ಬೆಲಡೋನ ಗಿಡದಿಂದ. ನಮ್ಮ ದತ್ತೂರಿಯಲ್ಲೂ ಅದೇ ಬಗೆಯ ವಸ್ತುಗಳಿವೆ. ಆಸ್ಪತ್ರೆಯ ಆಂಪೂಲಿನಲ್ಲಿ ಇರುವುದು ಮಿಲಿಗ್ರಾಂ ಲೆಕ್ಕದಲ್ಲಿ, ಅಳೆದು ತುಂಬಿದ್ದು. ಗಿಡ ಅಳೆದು ಕೊಡುವುದಿಲ್ಲ. ಬಾಯಿ ಒಣಗುವುದು, ಕಣ್ಣಿನ ಪಾಪೆ ಅಗಲವಾಗುವುದು, ಮೈ ಕೆಂಪಾಗಿ ಬಿಸಿಯಾಗುವುದು, ಮೂತ್ರ ಕಟ್ಟುವುದು, ಅಸಂಬದ್ಧ ಮಾತು, ಎದೆ ಡವಡವ ಬಡಿತ. ಮೊದಲೇ ಹೃದಯ ದುರ್ಬಲವಾದವರಿಗೆ ಆ ವೇಗವನ್ನು ತಡೆದುಕೊಳ್ಳುವುದು ಕಷ್ಟ. ಇಂಥ ಲಕ್ಷಣ ಕಂಡರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ, ಗಿಡದ ಒಂದು ಕೊಂಬೆಯನ್ನೂ ಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋಗಿ.

ಮಕ್ಕಳು ವಿದೇಶದಲ್ಲಿದ್ದರೆ ಅವರಿಗೂ ಇದನ್ನು ಕಳುಹಿಸಿ. ಯೂರೋಪಿನ ಕಾಡಂಚಿನಲ್ಲಿ ಬೆಲಡೋನ ತಾನಾಗಿ ಬೆಳೆಯುತ್ತದೆ. ಅದರ ಹಣ್ಣೂ ಕಪ್ಪೇ, ಸಿಹಿಯೂ ಹೌದು. ಆದರೆ ಗೊಂಚಲಿಲ್ಲ. ಒಂಟಿ ಹಣ್ಣು, ಹೊಳಪು, ಕೆಳಗೆ ನಕ್ಷತ್ರದಂತೆ ಹರಡಿದ ಐದು ಹಸಿರು ದಳ. ಮೊಮ್ಮಗುವಿಗೆ "ಇದು ನಮ್ಮ ಕಾಗೆ ಹಣ್ಣು" ಎಂದು ಅಲ್ಲಿ ಕಿತ್ತು ಕೊಟ್ಟೀರಿ, ಜೋಕೆ.

ಗಣೇಶ ಚೌತಿಯ ಪತ್ರಿಯ ಬಗ್ಗೆ ಒಂದು ಮಾತು. ಇಪ್ಪತ್ತೊಂದು ಪತ್ರೆಗಳಲ್ಲಿ ಬೃಹತಿ ಮತ್ತು ದತ್ತೂರಿ ಇದೇ ಕುಟುಂಬದವು. ಕಣಗಿಲೆ, ಎಕ್ಕ ಬೇರೆ ಕುಟುಂಬದವು, ಆದರೆ ನೇರ ಹೃದಯಕ್ಕೇ ಹೊಡೆಯುವ ವಿಷ ಇರುವಂಥವು. ಸ್ಟೇಷನ್ ಬಳಿ ಕೊಂಡ ಪತ್ರಿ ಕಟ್ಟು ಮತ್ತು ಅಡುಗೆ ಸೊಪ್ಪು ಒಂದೇ ಚೀಲದಲ್ಲಿ ಮನೆಗೆ ಬರುವುದನ್ನು ಪ್ರತಿ ವರ್ಷ ನೋಡುತ್ತೇನೆ. ದೇವರಿಗೆ ಏರಿಸಿ, ಕೈ ತೊಳೆದುಕೊಳ್ಳಿ.

ಮತ್ತೆ ನೆಲದ ಪ್ರಶ್ನೆ. ಡೊಂಬಿವಲಿಯಲ್ಲಿ 2014ರ ಜನವರಿಯಲ್ಲಿ ಹಸಿರು ಬಣ್ಣದ ಹನಿ ಬಿದ್ದದ್ದು, 2020ರಲ್ಲಿ ಎಂಐಡಿಸಿ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿದ್ದು ನಿಮಗೆ ನೆನಪಿರಬಹುದು. ವಾಲಧುನಿ ನದಿಯ ಸ್ಥಿತಿ ಕಲ್ಯಾಣದವರಿಗೆ ಹೇಳಬೇಕಿಲ್ಲ. ಕಾರ್ಖಾನೆ ನಾಲೆ, ರೈಲು ಹಳಿ, ಹೆದ್ದಾರಿ ಬದಿಯ ಮಣ್ಣಿನಲ್ಲಿ ಸೀಸ, ಕ್ಯಾಡ್ಮಿಯಂ ಸೇರಿರುವ ಸಾಧ್ಯತೆ ಇದೆ, ಸೊಪ್ಪು ಅವನ್ನು ಹೀರಿಕೊಳ್ಳುತ್ತದೆ. ಎಷ್ಟು ತೊಳೆದರೂ ಎಲೆಯೊಳಗೆ ಸೇರಿದ್ದು ಹೋಗದು. ಸೀಸ ದೇಹದಲ್ಲಿ ವರ್ಷಗಟ್ಟಲೆ ಸೇರುತ್ತಾ ಹೋದರೆ ರಕ್ತದೊತ್ತಡ ಏರುತ್ತದೆ. ಆರೋಗ್ಯಕ್ಕೆಂದು ತಿಂದ ಸೊಪ್ಪಿನಿಂದ ಬಿಪಿ ಬರುವುದೆಂದರೆ! ಮಳೆಗಾಲದಲ್ಲಿ ಗುಡ್ಡದ ಕಡೆಯಿಂದ ಆದಿವಾಸಿ ಹೆಂಗಸರು ತರುವ ರಾನ್‌ಭಾಜಿಯೇ ಮೇಲು. ಅವರಿಗೆ ಗಿಡ ಗೊತ್ತು, ಕೇಳಿದರೆ ಅಡುಗೆ ಮಾಡುವ ಬಗೆಯನ್ನೂ ಹೇಳುತ್ತಾರೆ.

ಈಗ ಮಾತ್ರೆಯ ವಿಷಯಕ್ಕೆ ಬರುತ್ತೇನೆ. ಹಸಿರು ಸೊಪ್ಪುಗಳಲ್ಲಿ ವಿಟಮಿನ್ ಕೆ ಇದೆ. ವಾರ್ಫರಿನ್, ಅಸಿಟ್ರೋಮ್ ಮಾತ್ರೆಗಳು ಕೆಲಸ ಮಾಡುವುದೇ ವಿಟಮಿನ್ ಕೆ ವಿರುದ್ಧ. ದಿಢೀರನೆ ದಿನಾ ಒಂದು ಬಟ್ಟಲು ಸೊಪ್ಪು ಶುರುಮಾಡಿದರೆ ಮಾತ್ರೆ ಸೋಲುತ್ತದೆ, ಐಎನ್‌ಆರ್ ಇಳಿಯುತ್ತದೆ. ಇದು ಗಣಿಕೆಯ ತಪ್ಪಲ್ಲ, ಪಾಲಕ್, ಮೆಂತ್ಯ, ನುಗ್ಗೆಯದೂ ಅದೇ ಕಥೆ. ಇನ್ನೊಂದು ಅಪಾಯವನ್ನು ಹೆಚ್ಚಿನವರು ಮರೆಯುತ್ತಾರೆ. ಐಎನ್‌ಆರ್ ಇಳಿಯಿತೆಂದು ಡಾಕ್ಟರು ಮಾತ್ರೆ ಹೆಚ್ಚಿಸುತ್ತಾರೆ, ಮಳೆ ಮುಗಿದು ಗಿಡ ಒಣಗುತ್ತದೆ, ಸೊಪ್ಪು ನಿಲ್ಲುತ್ತದೆ. ಆಗ ಐಎನ್‌ಆರ್ ಮೇಲಕ್ಕೆ ಹಾರಿ ವಸಡು, ಮೂಗು, ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ಹಾಗಾಗಿ ಸೊಪ್ಪು ಬಿಡಿ ಎನ್ನುವುದಿಲ್ಲ, ವಾರವಾರವೂ ಒಂದೇ ಪ್ರಮಾಣದಲ್ಲಿ ತಿನ್ನಿ ಎನ್ನುತ್ತೇನೆ.

ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಮಾತ್ರ ತೆಗೆದುಕೊಳ್ಳುವವರಿಗೆ ಈ ತೊಂದರೆಯಿಲ್ಲ. ಅಪಿಕ್ಸಬಾನ್, ರಿವಾರೊಕ್ಸಬಾನ್‌ನಂಥ ಹೊಸ ಮಾತ್ರೆಗಳಿಗೂ ಇಲ್ಲ, ಆದರೆ ಲೋಹದ ಕವಾಟ ಇರುವವರಿಗೆ ಅವು ಸಲ್ಲವು. ಕಿಡ್ನಿ ದುರ್ಬಲವಿದ್ದು ಟೆಲ್ಮಿಸಾರ್ಟನ್, ರಾಮಿಪ್ರಿಲ್ ಅಥವಾ ಸ್ಪೈರೊನೊಲ್ಯಾಕ್ಟೋನ್ ನುಂಗುವವರು ಯಾವ ಸೊಪ್ಪನ್ನೂ ದಿನಾ ಹೆಚ್ಚು ತಿನ್ನುವ ಮೊದಲು ಕೇಳಿ, ಪೊಟ್ಯಾಸಿಯಂ ಏರಬಹುದು. ಇನ್ನು "ಗಣಿಕೆ ರಸ ಕುಡಿದರೆ ಬಿಪಿ ಮಾತ್ರೆ ಬೇಡ" ಎಂಬ ಫಾರ್ವರ್ಡ್ ಬಂದರೆ ಅಳಿಸಿಬಿಡಿ. ಮಾತ್ರೆ ನಿಲ್ಲಿಸಲು ಆಧಾರವಾಗುವ ಪುರಾವೆ ಯಾವುದೂ ಇಲ್ಲ.

ಆ ತಾಯಿಗೆ ಕೆಲವು ದಿನ ಹೆಪಾರಿನ್ ಚುಚ್ಚುಮದ್ದು ಕೊಟ್ಟೆವು. ಐಎನ್‌ಆರ್ ಮೇಲೆ ಬರುವವರೆಗೆ ಮನೆಯವರಿಗೂ ನನಗೂ ನಿದ್ದೆ ಇರಲಿಲ್ಲ. ಎಕೋದಲ್ಲಿ ಕವಾಟ ಸರಿಯಾಗಿಯೇ ತೆರೆದು ಮುಚ್ಚುತ್ತಿತ್ತು. ಈಗ ಗೋಡೆಯ ಹಿಂದಿನ ಗಿಡದ ಆಸೆ ಬಿಟ್ಟಿದ್ದಾರೆ, ಅಲ್ಲೇ ಚರಂಡಿ ಹರಿಯುತ್ತದೆ. ಊರಿಂದ ತರಿಸಿದ ಬೀಜ ಹಾಕಿ ಬಾಲ್ಕನಿಯ ಕುಂಡದಲ್ಲಿ ಎರಡು ಗಿಡ ಬೆಳೆಸಿದ್ದಾರೆ. ಪ್ರತಿ ಬುಧವಾರ ಒಂದು ಹಿಡಿ ಕುಡಿ, ಜೀರಿಗೆ ಹಾಕಿ ತುಪ್ಪದಲ್ಲಿ ಬಾಡಿಸಿ, ಕಾಯಿ ಜೊತೆ ರುಬ್ಬಿ, ಮಜ್ಜಿಗೆಗೆ. ಬುಧವಾರ ಮಾತ್ರ, ಒಂದು ಹಿಡಿ ಮಾತ್ರ. ಕಳೆದ ತಿಂಗಳ ಐಎನ್‌ಆರ್ 2.9. ಮುಂದಿನ ಸಲ ಬರುವಾಗ ನನಗೂ ಒಂದು ಡಬ್ಬಿ ತರುತ್ತಾರಂತೆ.