ಪ್ರತಿಜೀವಕಗಳ ಕಾರ್ಯವಿಧಾನ

1941ರ ಫೆಬ್ರವರಿ ತಿಂಗಳು. ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದ ಆಸ್ಪತ್ರೆಯಲ್ಲಿ ಪೊಲೀಸನೊಬ್ಬನು ಮರಣಶಯ್ಯೆಯಲ್ಲಿದ್ದನು. ಮುಖದಲ್ಲಿ ಆರಂಭವಾದ ಸೋಂಕು ದೇಹವನ್ನೆಲ್ಲ ವ್ಯಾಪಿಸಿ, ಅವನ ಒಂದು ಕಣ್ಣನ್ನೇ ತೆಗೆದುಹಾಕಬೇಕಾಗಿ ಬಂದಿತ್ತು. ಫ್ಲೋರಿ ಮತ್ತು ಚೈನ್ ಎಂಬ ವಿಜ್ಞಾನಿಗಳ ತಂಡವು ಬೂಷ್ಟಿನಿಂದ ಬೇರ್ಪಡಿಸಿದ್ದ ಪೆನಿಸಿಲಿನ್ ಎಂಬ ಹೊಸ ಮದ್ದನ್ನು ಅವನಿಗೆ ಚುಚ್ಚಲಾಯಿತು. ಕೆಲವೇ ದಿನಗಳಲ್ಲಿ ಜ್ವರ ಇಳಿಯಿತು. ರೋಗಿಯು ಆಹಾರ ಸೇವಿಸತೊಡಗಿದನು. ಅಷ್ಟರಲ್ಲಿ ಮದ್ದು ಮುಗಿಯಿತು. ಅವನ ಮೂತ್ರದಲ್ಲಿ ಹೊರಬಿದ್ದ ಪೆನಿಸಿಲಿನನ್ನೇ ಶೋಧಿಸಿ ಮತ್ತೆ ಕೊಟ್ಟರು. ಅದೂ ಸಾಲಲಿಲ್ಲ. ರೋಗ ಮರುಕಳಿಸಿ ಮಾರ್ಚಿಯಲ್ಲಿ ಅವನು ತೀರಿಕೊಂಡನು. ಸೋತದ್ದು ಮದ್ದಲ್ಲ, ಅದರ ಪ್ರಮಾಣ.

ಬ್ಯಾಕ್ಟೀರಿಯಗಳನ್ನು ಕೊಲ್ಲುವುದು ಕಷ್ಟವೇನಲ್ಲ. ಕಾರ್ಬಾಲಿಕ್ ಆಮ್ಲವೂ ಕೊಲ್ಲಬಲ್ಲದು. ಆದರೆ ಅದನ್ನು ಕುಡಿದ ಮನುಷ್ಯನೂ ಉಳಿಯಲಾರನು. ರೋಗಾಣುವಿನಲ್ಲಿ ಇದ್ದು ಮನುಷ್ಯನಲ್ಲಿ ಇಲ್ಲದ ಅಂಗವೊಂದನ್ನು ಹುಡುಕಿ ಹೊಡೆಯುವುದೇ ಪ್ರತಿಜೀವಕ ಅಥವಾ ಆಂಟಿಬಯಾಟಿಕ್‌ನ ಹೆಚ್ಚುಗಾರಿಕೆ.

ಅಂತಹ ಅಂಗಗಳಲ್ಲಿ ಮುಖ್ಯವಾದುದು ಕೋಶಭಿತ್ತಿ. ಬ್ಯಾಕ್ಟೀರಿಯದ ಒಳಗಿನ ಒತ್ತಡವನ್ನು ತಡೆದು ಹಿಡಿದಿರುವುದು ಈ ಗಟ್ಟಿ ಗೋಡೆಯೇ. ಗೋಡೆಯ ಎಳೆಗಳನ್ನು ಹೆಣೆಯುವ ಕಿಣ್ವಕ್ಕೆ ಪೆನಿಸಿಲಿನ್ ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ. ಬೆಳೆಯುತ್ತಿರುವ ರೋಗಾಣುವಿನ ಗೋಡೆ ದುರ್ಬಲವಾಗಿ, ನೀರು ಒಳನುಗ್ಗಿ, ಅದು ಒಡೆದುಹೋಗುತ್ತದೆ. ನಮ್ಮ ಜೀವಕೋಶಗಳಿಗೆ ಇಂತಹ ಗೋಡೆಯೇ ಇಲ್ಲ. ಆದುದರಿಂದ ಪೆನಿಸಿಲಿನ್ ಬಹುಮಟ್ಟಿಗೆ ಸುರಕ್ಷಿತ. ಆದರೂ ಕೆಲವರಿಗೆ ಅದು ಒಗ್ಗದು. ಮೈಮೇಲೆ ದದ್ದುಗಳೇಳಬಹುದು, ಅಪರೂಪವಾಗಿ ಉಸಿರು ಕಟ್ಟಿ, ರಕ್ತದ ಒತ್ತಡ ಕುಸಿದು, ನಿಮಿಷಗಳಲ್ಲಿ ಪ್ರಾಣಾಪಾಯ ಒದಗಬಹುದು. ಹಿಂದೆ ಹೀಗಾಗಿದ್ದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಕ್ಷಯರೋಗದ ಮುಂದೆ ಪೆನಿಸಿಲಿನ್ ನಿಷ್ಪ್ರಯೋಜಕವಾಗಿತ್ತು. 1943ರಲ್ಲಿ ಅಮೆರಿಕದಲ್ಲಿ, ವಾಕ್ಸ್‌ಮನ್ನರ ಪ್ರಯೋಗಶಾಲೆಯಲ್ಲಿ ಆಲ್ಬರ್ಟ್ ಶಾಟ್ಸ್ ಎಂಬ ತರುಣನು ಮಣ್ಣಿನ ಸೂಕ್ಷ್ಮಜೀವಿಯಿಂದ ಸ್ಟ್ರೆಪ್ಟೊಮೈಸಿನನ್ನು ಪಡೆದನು. ಇದರ ಗುರಿ ಗೋಡೆಯಲ್ಲ. ಪ್ರೋಟೀನುಗಳನ್ನು ತಯಾರಿಸುವ ರೈಬೋಸೋಮು. ರೈಬೋಸೋಮುಗಳು ನಮ್ಮಲ್ಲಿಯೂ ಇವೆ, ರಚನೆ ಮಾತ್ರ ಬೇರೆ. ಇಲ್ಲಿ ಶತ್ರು ಮಿತ್ರರ ಅಂತರ ಕಿರಿದು. ಈ ಮದ್ದು ಒಳಕಿವಿಯ ಸೂಕ್ಷ್ಮ ಕೋಶಗಳನ್ನು ಕೆಡಿಸಿ ಸಮತೋಲನವನ್ನೂ ಶ್ರವಣಶಕ್ತಿಯನ್ನೂ ಕುಂದಿಸಬಲ್ಲದು. ಹೀಗೆ ಕಳೆದುಹೋದ ಶ್ರವಣಶಕ್ತಿ ಸಾಮಾನ್ಯವಾಗಿ ಮರಳುವುದಿಲ್ಲ. ಕ್ಷಯದಿಂದ ಉಳಿದು ಕಿವುಡಾದವರೂ ಉಂಟು.

ಟೆಟ್ರಾಸೈಕ್ಲಿನ್ ಕೂಡ ರೈಬೋಸೋಮನ್ನೇ ತಡೆಯುತ್ತದೆ. ಅದಕ್ಕೆ ಸುಣ್ಣದ ಅಂಶದೊಡನೆ ಬೆರೆಯುವ ಸ್ವಭಾವವಿದೆ. ಹಾಲಿನೊಡನೆ ನುಂಗಿದರೆ ಸರಿಯಾಗಿ ರಕ್ತಗತವಾಗದು. ಎಳೆಯ ಮಕ್ಕಳಿಗೆ ಕೊಟ್ಟರೆ ಬೆಳೆಯುವ ಹಲ್ಲುಗಳಿಗೆ ಅಳಿಸಲಾಗದ ಕಂದುಬಣ್ಣ ಹತ್ತಬಹುದು. ವಿಷಮಶೀತಜ್ವರಕ್ಕೆ ರಾಮಬಾಣವೆನಿಸಿದ್ದ ಕ್ಲೋರಾಮ್‌ಫೆನಿಕಾಲ್ ಅಪರೂಪವಾಗಿ ಅಸ್ಥಿಮಜ್ಜೆಯನ್ನೇ ನಿಷ್ಕ್ರಿಯಗೊಳಿಸುವುದೆಂದು ತಿಳಿದ ಮೇಲೆ ಅದರ ಬಳಕೆ ತಗ್ಗಿತು.

ನೆಗಡಿಯನ್ನುಂಟುಮಾಡುವ ವೈರಸ್ಸಿಗೆ ಕೋಶಭಿತ್ತಿಯೂ ಇಲ್ಲ, ಸ್ವಂತ ರೈಬೋಸೋಮೂ ಇಲ್ಲ. ಆಗ ಪ್ರತಿಜೀವಕ ನುಂಗಿದರೆ ದೊರೆಯುವುದು ಅದರ ದುಷ್ಪರಿಣಾಮ ಮಾತ್ರ. ಕರುಳಿನಲ್ಲಿರುವ ಉಪಕಾರಿ ಬ್ಯಾಕ್ಟೀರಿಯಗಳೂ ಸಾಯುವುದರಿಂದ ಭೇದಿಯಾಗಬಹುದು; ಸಾಯದೆ ಉಳಿದ ಪ್ರಬಲ ಬ್ಯಾಕ್ಟೀರಿಯಗಳು ವೃದ್ಧಿಸುತ್ತವೆ.

ರೋಗಾಣುಗಳ ಈ ಪ್ರತಿರೋಧ ಹೊಸದಲ್ಲ. ಆಕ್ಸ್‌ಫರ್ಡಿನ ಆ ಪೊಲೀಸನಿಗೆ ಮದ್ದು ಕೊಡುವ ಮೊದಲೇ, 1940ರಲ್ಲಿ, ಪೆನಿಸಿಲಿನನ್ನು ನಾಶಮಾಡುವ ಕಿಣ್ವವೊಂದನ್ನು ಚೈನ್ ಮತ್ತು ಅಬ್ರಹಾಂ ಬ್ಯಾಕ್ಟೀರಿಯಗಳಲ್ಲಿ ಗುರುತಿಸಿದ್ದರು. ಅಂತಹ ಕಿಣ್ವಗಳನ್ನು ತಡೆಯಲೆಂದೇ ಇಂದು ಪೆನಿಸಿಲಿನ್ ವರ್ಗದ ಅಮಾಕ್ಸಿಸಿಲಿನ್ ಮಾತ್ರೆಗಳಲ್ಲಿ ಕೆಲವಕ್ಕೆ ಕ್ಲಾವುಲಾನಿಕ್ ಆಮ್ಲವನ್ನು ಬೆರೆಸಿರುತ್ತಾರೆ.